ಹೆಣ್ಣುಮಕ್ಕಳೂ ನಲ್ಲಿಯ ವಿದ್ಯೆಯೂ

ಹೆಣ್ಣುಮಕ್ಕಳ ಶಾಲೆಯಲ್ಲಿ ಗೃಹಕೃತ್ಯವನ್ನು ಕಲಿಸಬೇಕೆಂಬ ವಿಷಯದಲ್ಲಿ ನಮ್ಮ ಹಿರಿಯರಿಗೆ ಎಂದೂ ಸಂದೇಹವಿರಲಿಲ್ಲ. ಹೊಲಿಗೆ, ಅಡಿಗೆ, ಶಿಶುಪಾಲನೆ, ರೋಗಿಗಳ ಶುಶ್ರೂಷೆ, ಮನೆಯ ಲೆಕ್ಕ ಇವೆಲ್ಲವೂ ಮಿಶನ್ ಶಾಲೆಗಳ ಪಾಠಕ್ರಮದಲ್ಲಿ ಬಹುಕಾಲದಿಂದ ಸ್ಥಾನವನ್ನು ಪಡೆದಿರುತ್ತವೆ. ಆದರೆ ಮನೆಯಾಕೆಯ ಕೈಗೆ ದಿನಕ್ಕೆ ಹತ್ತಾರು ಸಲ ಸಿಕ್ಕುವ ಒಂದು ವಸ್ತುವಿನ ವಿಷಯದಲ್ಲಿ ನಾವು ಮಕ್ಕಳಿಗೆ ಒಂದು ಮಾತನ್ನೂ ಕಲಿಸದೆ ಕಳುಹಿಸುತ್ತೇವೆ. ಆ ವಸ್ತುವು ಯಾವುದೆಂದರೆ ನಲ್ಲಿ. ಬೀಜಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಉತ್ತಮ ಅಂಕಗಳನ್ನು ಪಡೆದ ಹುಡುಗಿಯು, ಸ್ನಾನದ ಮನೆಯ ನಲ್ಲಿ ಸೋರಿದರೆ ಅದರ ಕೆಳಗೆ ಬಕೆಟ್ಟನ್ನಿಟ್ಟು ಯಾರಾದರೂ ಬರುವರೋ ಎಂದು ಬಾಗಿಲನ್ನು ನೋಡುತ್ತಾ ಕುಳಿತುಕೊಳ್ಳುವಳು. ಇದು ಆಕೆಯ ಬುದ್ಧಿಯ ಕೊರತೆಯಲ್ಲ. ನಮ್ಮ ಪಾಠಕ್ರಮದ ಕೊರತೆ. ಈ ಕೊರತೆಯನ್ನು ತುಂಬಿಕೊಳ್ಳುವದು ಅವಶ್ಯವೆಂದೂ, ಸುಲಭಸಾಧ್ಯವೆಂದೂ ತೋರಿಸುವದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಒಂದು ಸಂಗತಿಯನ್ನು ವಾಚಕರು ಆಲೋಚಿಸಬೇಕು. ಮನೆಗೆ ನೀರು ಬಾವಿಯಿಂದಲೂ ಕೆರೆಯಿಂದಲೂ ಬರುತ್ತಿದ್ದ ಕಾಲದಲ್ಲಿ ನೀರಿನ ವಿದ್ಯೆಯೆಲ್ಲವೂ ಸ್ತ್ರೀಯರದೇ ಆಗಿತ್ತು. ಯಾವ ಬಾವಿಯ ನೀರಿಗೆ ಬೇಳೆ ಬೇಯುವದು, ಯಾವದು ಬೇಸಿಗೆಯಲ್ಲಿ ಬತ್ತುವದು, ಹಗ್ಗ ಎಷ್ಟುದ್ದ ಬೇಕು, ಗಡಿಗೆಯ ಬಿರುಕನ್ನು ಹೇಗೆ ಗುರುತಿಸಬೇಕು ಎಂಬದನ್ನು ಅವರು ಬಲ್ಲವರಾಗಿದ್ದರು. ಯಾಕೋಬನ ಬಾವಿಯ ಬಳಿಗೆ ಬಂದ ಸಮಾರ್ಯದ ಸ್ತ್ರೀಯು ಕರ್ತನೊಡನೆ ಮಾತನಾಡುವಾಗ ಮೊದಲು ಎತ್ತಿದ ಪ್ರಶ್ನೆಗಳಲ್ಲಿ ಒಂದು, ಬಾವಿಯ ಆಳವನ್ನೂ ಸೇದುವ ಪಾತ್ರೆಯನ್ನೂ ಕುರಿತದ್ದೇ ಅಲ್ಲವೇ? ಆಕೆಯು ತನ್ನ ಕೆಲಸವನ್ನು ಬಲ್ಲವಳು. ಆದರೆ ನೀರು ಕೊಳವೆಯೊಳಗೆ ಹರಿಯತೊಡಗಿದ ಮೇಲೆ ಒಂದು ವಿಚಿತ್ರವು ನಡೆಯಿತು. ನೀರಿನ ಕಷ್ಟವು ಸ್ತ್ರೀಯರಲ್ಲಿಯೇ ಉಳಿಯಿತು. ನೀರಿನ ವಿದ್ಯೆಯು ಮಾತ್ರ ಅವರ ಕೈಬಿಟ್ಟುಹೋಯಿತು. ನಲ್ಲಿಯು ನಿಂತರೆ ಅಡಿಗೆ ನಿಲ್ಲುವದು ಆಕೆಯದು, ಬಟ್ಟೆ ಉಳಿಯುವದು ಆಕೆಯದು, ಮಧ್ಯರಾತ್ರಿಯಲ್ಲಿ ಎದ್ದು ನೀರು ಹಿಡಿಯುವವಳೂ ಆಕೆಯೇ. ಅದನ್ನು ಸರಿಪಡಿಸುವ ತಿಳಿವಳಿಕೆಯು ಮಾತ್ರ ಬೇರೊಬ್ಬರ ಚೀಲದಲ್ಲಿದೆ. ಕಷ್ಟವು ಯಾರದೋ ವಿದ್ಯೆಯೂ ಅವರದಾಗಿರಬೇಕೆಂಬದು ನನ್ನ ಅಭಿಪ್ರಾಯ.

ನಮ್ಮ ನಾಡಿನಲ್ಲಿ ನೀರು ನಲ್ಲಿಗೆ ಬರುವದು ಎಷ್ಟು ಪ್ರಯಾಸದಿಂದ ಎಂಬದನ್ನು ಮಕ್ಕಳು ತಿಳಿದಿರಬೇಕು. ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಸೇರಿತು. 1974ರಲ್ಲಿ ಕಾವೇರಿಯ ಮೊದಲನೆಯ ಹಂತವೂ 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಆರಂಭವಾದವು. ಈ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಬರತಕ್ಕದ್ದು. ಅದೇ 2024ರ ಬೇಸಿಗೆಯಲ್ಲಿ ಆ ನಗರವು ನೀರಿಲ್ಲದೆ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಕುಡಿಯುವ ನೀರಿನಿಂದ ವಾಹನವನ್ನು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಆಜ್ಞೆಮಾಡಬೇಕಾಯಿತು. ಹಳ್ಳಿಗಳ ವಿಷಯದಲ್ಲಿಯಾದರೋ, 2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ ಯೋಜನೆಯು ಮನೆಮನೆಗೆ ನಲ್ಲಿಯನ್ನೂ, ತಲೆಗೆ ದಿನಕ್ಕೆ 55 ಲೀಟರ್ ನೀರನ್ನೂ ಒದಗಿಸುವ ಉದ್ದೇಶವುಳ್ಳದ್ದು. ಹಾಗೆ ನಲ್ಲಿಯು ಬಾಗಿಲಿಗೆ ಬಂದ ಮನೆಗಳಿಂದಲೂ ನಮ್ಮ ಶಾಲೆಗಳಿಗೆ ಮಕ್ಕಳು ಬರುತ್ತಾರೆ. ನಲ್ಲಿಯು ಬಂದದ್ದಾಯಿತು, ಅದು ಕೆಟ್ಟ ದಿನ ತಾಲ್ಲೂಕಿನ ಪೇಟೆಯಿಂದ ಕೆಲಸಗಾರನು ಬರುವ ತನಕ ಆ ಮನೆಯವರು ಏನು ಮಾಡಬೇಕು?

ಸೋರುವ ನಲ್ಲಿಯು ಅಲ್ಪ ವಿಷಯವೆಂದು ಹೇಳುವವರಿಗೆ ಒಂದು ಲೆಕ್ಕವನ್ನು ಕೊಡುತ್ತೇನೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕಾಲು ಲೀಟರಿನ ಒಂದು ಲೋಟವನ್ನಿಟ್ಟು ಗಡಿಯಾರವನ್ನು ನೋಡಿರಿ. ಅದು ಒಂದು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 6 ಲೀಟರ್, ತಿಂಗಳಿಗೆ 180 ಲೀಟರ್, ವರ್ಷಕ್ಕೆ 2,190 ಲೀಟರ್ ನೀರು ವ್ಯರ್ಥವಾಯಿತು. ಸರಕಾರವು ಹಳ್ಳಿಯ ಒಬ್ಬರಿಗೆ ದಿನಕ್ಕೆಂದು ಗೊತ್ತುಮಾಡಿದ ನೀರಿನಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಇದು. ಇದನ್ನು ನಿಲ್ಲಿಸುವದಕ್ಕೆ ಅನೇಕ ನಲ್ಲಿಗಳಲ್ಲಿ ಬೇಕಾದದ್ದು ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ರಬ್ಬರಿನ ವಾಷರು ಮಾತ್ರ.

ಇಂತಹ ಮಾತನ್ನು ಹೇಳಿದಾಗ ಕೆಲವು ಆಕ್ಷೇಪಣೆಗಳು ಏಳುತ್ತವೆ. ಅವುಗಳನ್ನು ಒಂದೊಂದಾಗಿ ವಿಚಾರಿಸುವದು ನ್ಯಾಯ.

ಮೊದಲನೆಯದು, ಇದು ಗಂಡಸರ ಕೆಲಸ ಎಂಬದು. ನಲ್ಲಿಯ ಮರೆಯನ್ನು ತಿರುಗಿಸುವದಕ್ಕೆ ಬೇಕಾದ ಬಲವು, ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ನಡೆಯುವದಕ್ಕೆ ಬೇಕಾದ ಬಲಕ್ಕಿಂತ ಬಹಳ ಕಡಿಮೆ. ಉದ್ದ ಹಿಡಿಯ ರೆಂಚು ಕೈಯಲ್ಲಿದ್ದರೆ ಬಲದ ಮಾತೇ ಇಲ್ಲ. ಸನ್ನೆಯ ನಿಯಮವನ್ನು ಮಕ್ಕಳು ಪುಸ್ತಕದಲ್ಲಿ ಓದಿಯೇ ಇದ್ದಾರೆ. ಮೇಲಾಗಿ ಅನುಭವವೂ ಈ ಆಕ್ಷೇಪಣೆಯನ್ನು ಸುಳ್ಳುಮಾಡಿದೆ. 1989ರಲ್ಲಿ ಕರ್ನಾಟಕ, ಉತ್ತರ ಪ್ರದೇಶ, ಗುಜರಾತು ಈ ಮೂರು ರಾಜ್ಯಗಳಲ್ಲಿ ಆರಂಭವಾದ ಮಹಿಳಾ ಸಮಾಖ್ಯಾ ಎಂಬ ಸ್ತ್ರೀಶಿಕ್ಷಣದ ಕಾರ್ಯಕ್ರಮವು, 1990ರ ದಶಕದ ಆರಂಭದಲ್ಲಿ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ಹಳ್ಳಿಯ ಸ್ತ್ರೀಯರಿಗೆ ಕೈಪಂಪುಗಳನ್ನು ಬಿಚ್ಚಿ ಸರಿಪಡಿಸುವ ವಿದ್ಯೆಯನ್ನು ಕಲಿಸಿತು. ಅವರಲ್ಲಿ ಬಹುಮಂದಿ ಅಕ್ಷರವನ್ನರಿಯದವರು. ಕೈಪಂಪಿನ ಉದ್ದುದ್ದದ ಕಬ್ಬಿಣದ ಕೊಳವೆಗಳನ್ನು ನೆಲದೊಳಗಿನಿಂದ ಎತ್ತಿ, ಒಳಗಿನ ಸವೆದ ಭಾಗಗಳನ್ನು ಬದಲಾಯಿಸಿ, ಮರಳಿ ಇಳಿಸುವ ಕೆಲಸವನ್ನು ಅವರು ಮಾಡಿ ತೋರಿಸಿದರು. ಈ ಕೆಲಸವನ್ನು ಕಲಿತ ಮೇಲೆ, ತಮಗೆ ಓದುಬರಹವೂ ಬೇಕೆಂದು ಅವರೇ ಕೇಳಿದರೆಂಬದು ಶಿಕ್ಷಕರಾದ ನಾವು ಗಮನಿಸತಕ್ಕ ಸಂಗತಿ. ಕೈಯ ವಿದ್ಯೆಯು ಅಕ್ಷರವಿದ್ಯೆಗೆ ಶತ್ರುವಲ್ಲ. ಅನೇಕ ಸಲ ಅದರ ಬಾಗಿಲು.

ಎರಡನೆಯ ಆಕ್ಷೇಪಣೆಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. ಕೊಳಕು ನೀರಿನ ಕೆಲಸವು ಕೀಳು ಕೆಲಸ, ಅದಕ್ಕೆ ಬೇರೆ ಜನರಿದ್ದಾರೆ ಎಂಬದೇ ಅದು. ಮಿಶನ್ ಶಾಲೆಯಲ್ಲಿ ಈ ಮಾತಿಗೆ ಸ್ಥಳವಿರಕೂಡದು. ನಮ್ಮ ಕರ್ತನು ನಜರೇತಿನಲ್ಲಿ ಬಡಗಿಯ ಕೆಲಸವನ್ನು ಮಾಡಿದನು. ಪೌಲನು ಗುಡಾರವನ್ನು ಕಟ್ಟಿ ಜೀವಿಸಿದನು. ಅವನೊಡನೆ ಅದೇ ಕಸುಬನ್ನು ಮಾಡುತ್ತಿದ್ದ ಅಕ್ವಿಲನ ಹೆಂಡತಿಯಾದ ಪ್ರಿಸ್ಕಿಲ್ಲಳು ಸಭೆಯ ಉಪದೇಶಕಳೂ ಆಗಿದ್ದಳು. ಸೂಜಿ ಹಿಡಿದ ಕೈಯಿಂದಲೇ ಆಕೆಯು ಅಪೊಲ್ಲೋಸನಂಥ ವಿದ್ವಾಂಸನಿಗೆ ಮಾರ್ಗವನ್ನು ತಿಳಿಸಿದಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಶಾಲೆಗಳನ್ನು ತೆರೆದಂತೆಯೇ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಓದಿದವನು ಕೈಯನ್ನು ಮಣ್ಣುಮಾಡಿಕೊಳ್ಳಬಾರದೆಂಬ ನಂಬಿಕೆಯನ್ನು ಮುರಿಯುವದು ಮಿಶನ್ ಶಿಕ್ಷಣದ ಕರ್ತವ್ಯಗಳಲ್ಲೊಂದು. ಹೀಗಿರಲಾಗಿ ಸಿಂಕಿನ ಕೆಳಗೆ ಬಗ್ಗುವದಕ್ಕೆ ನಮ್ಮ ಹುಡುಗಿಯರು ನಾಚಬೇಕಾದದ್ದೇನು?

ಮೂರನೆಯದು ಕರುಣೆಯ ಆಕ್ಷೇಪಣೆ. ನಾವೇ ಈ ಕೆಲಸವನ್ನು ಮಾಡಿಕೊಂಡರೆ ಕೆಲಸಗಾರನ ಅನ್ನಕ್ಕೆ ಕಲ್ಲು ಹಾಕಿದಂತಾಗದೇ ಎಂದು ಕೇಳುವರು. ಮನೆಯಲ್ಲಿ ಜ್ವರಕ್ಕೆ ಗಂಜಿಯನ್ನು ಕಾಯಿಸಲು ಕಲಿತವಳಿಂದ ವೈದ್ಯನ ಜೀವನವು ಕೆಟ್ಟುಹೋಗಲಿಲ್ಲ. ಹೊಸದಾಗಿ ಕೊಳವೆ ಹಾಕುವದು, ಗೋಡೆಯೊಳಗಿನ ಸೋರಿಕೆಯನ್ನು ಹುಡುಕುವದು, ಪಂಪನ್ನು ಕೂಡಿಸುವದು ಇವು ಕಸುಬುದಾರನ ಕೆಲಸಗಳು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷ ಕಲಿತು ಪಡೆಯುವ ವಿದ್ಯೆ ಅದು. ಅದರ ಅಲ್ಪಾಂಶವನ್ನಾದರೂ ತಾನು ಮಾಡಿ ನೋಡಿದವಳಿಗೆ ಆ ಕೆಲಸದ ಬೆಲೆ ತಿಳಿಯುತ್ತದೆ. ಅಂಥವಳು ಕೂಲಿಯಲ್ಲಿ ಚೌಕಾಶಿ ಮಾಡಳು. ಒಳ್ಳೇ ಕೆಲಸವನ್ನು ಗುರುತಿಸುವಳು. ಬಂದವನನ್ನು ಹಿತ್ತಲ ಬಾಗಿಲಿನಲ್ಲಿ ನಿಲ್ಲಿಸದೆ ಗೌರವದಿಂದ ಮಾತನಾಡಿಸುವಳು. ಏನೂ ತಿಳಿಯದವಳಾದರೋ ಒಳ್ಳೇ ಕೆಲಸಗಾರನನ್ನೂ ಸಂಶಯಪಡುವಳು, ಮೋಸಗಾರನನ್ನೂ ನಂಬುವಳು.

ಇನ್ನು ಉಳಿದ ಆಕ್ಷೇಪಣೆಯು, ಅರಿಯದವರು ಕೈಹಾಕಿದರೆ ಇದ್ದದ್ದೂ ಕೆಟ್ಟೀತು ಎಂಬದು. ಇದರಲ್ಲಿ ಸತ್ಯಾಂಶವುಂಟು. ಆದಕಾರಣವೇ ಈ ವಿದ್ಯೆಯನ್ನು ಕ್ರಮವಾಗಿ ಕಲಿಸಬೇಕು. ಹೊಸಬಳು ಯಾವ ಕ್ರಮದಿಂದ ಆರಂಭಿಸಬೇಕೆಂಬದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯ ಪಾಠವು ದುರಸ್ತಿಯಲ್ಲ, ನೀರನ್ನು ನಿಲ್ಲಿಸುವದು. ಮನೆಗೆ ನೀರು ಎಲ್ಲಿಂದ ಬರುತ್ತದೆ, ನೆಲದ ಕೆಳಗಿನ ಸಂಪು ಎಲ್ಲಿ, ಮೇಲಿನ ಟ್ಯಾಂಕಿನಿಂದ ಇಳಿಯುವ ಕೊಳವೆಯ ವಾಲ್ವು ಎಲ್ಲಿ, ಪ್ರತಿಯೊಂದು ಬೇಸಿನ್ನಿನ ಕೆಳಗಿರುವ ಸಣ್ಣ ವಾಲ್ವು ಎಲ್ಲಿ ಎಂಬದನ್ನು ಹುಡುಗಿಯು ಸ್ವತಃ ನಡೆದು ನೋಡಿ ಒಂದು ನಕ್ಷೆಯನ್ನು ಬರೆಯಬೇಕು. ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ತಿರುಗಿಸಿದರೆ ಮುಚ್ಚುವದು, ಅದಕ್ಕೆ ವಿರುದ್ಧವಾಗಿ ತಿರುಗಿಸಿದರೆ ತೆರೆಯುವದು. ಕೊಳವೆಯೊಡೆದು ಮನೆಯಲ್ಲಾ ನೀರಾದಾಗ ಮನೆಯನ್ನು ಕಾಯುವದು ಇದೊಂದೇ ಪಾಠ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವು ಗಡಸು ನೀರಿನ ಸುಣ್ಣದಿಂದ ಬಿಗಿದುಕೊಳ್ಳುವದರಿಂದ ವರ್ಷಕ್ಕೆ ಎರಡು ಮೂರು ಸಲ ಅದನ್ನು ಮುಚ್ಚಿ ತೆರೆಯುವದು ಒಳ್ಳೇದು. ಬಿಗಿದುಕೊಂಡದ್ದನ್ನು ಬಲಾತ್ಕಾರದಿಂದ ತಿರುಗಿಸಬಾರದು, ಮುರಿದೀತು.

ಎರಡನೆಯದು ವಾಷರನ್ನು ಬದಲಾಯಿಸುವದು. ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹೋಗಗೊಡಿಸಿ, ಸಣ್ಣ ತಿರುಪುಗಳು ಬಿದ್ದುಹೋಗದಂತೆ ಬೇಸಿನ್ನಿನ ರಂಧ್ರಕ್ಕೆ ಒಂದು ಬಟ್ಟೆಯನ್ನು ತುರುಕಬೇಕು. ಬಳಿಕ ಮೇಲಿನ ಹಿಡಿಯನ್ನು ತೆಗೆದು, ಅದರ ಕೆಳಗಿನ ನಟ್ಟನ್ನು ಸಡಿಲಿಸಿದರೆ ಸ್ಪಿಂಡಲೆಂಬ ಕಡ್ಡಿಯು ಹೊರಬರುವದು. ಅದರ ತುದಿಯಲ್ಲಿ ಸವೆದ ವಾಷರು ಇರುವದು. ಅದನ್ನು ಅಂಗಡಿಗೆ ಒಯ್ದು ಅದರಂತೆಯೇ ಇರುವ ಹೊಸದನ್ನು ತರಬೇಕು. ಕಾಲು ಸುತ್ತಿಗೆ ತೆರೆಯುವ ಈಗಿನ ಕೆಲವು ನಲ್ಲಿಗಳಲ್ಲಿ ವಾಷರಿನ ಬದಲು ಪಿಂಗಾಣಿಯ ಎರಡು ಬಿಲ್ಲೆಗಳಿರುತ್ತವೆ. ಅವು ಕೆಟ್ಟರೆ ಒಳಗಿನ ಭಾಗವನ್ನೇ ಪೂರ್ತಿಯಾಗಿ ಬದಲಾಯಿಸಬೇಕು.

ಮೂರನೆಯದು ಮರೆಯ ಸಂದಿಗೆ ಟೆಫ್ಲಾನ್ ಟೇಪನ್ನು ಸುತ್ತುವದು. ಮರೆಯ ತುದಿಯನ್ನು ತನ್ನ ಕಡೆಗೆ ಹಿಡಿದುಕೊಂಡು, ಗಡಿಯಾರದ ದಿಕ್ಕಿನಲ್ಲಿ ಎಳೆದೆಳೆದು ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಜೋಡಿಸುವಾಗ ಅದು ಬಿಚ್ಚಿಕೊಳ್ಳುವದು. ಪ್ಲಾಸ್ಟಿಕ್ ನಲ್ಲಿಗಳನ್ನು ಕೈಬಿಗಿಯ ಮೇಲೆ ಸ್ವಲ್ಪವೇ ಬಿಗಿಯಬೇಕು. ಹೆಚ್ಚು ಬಿಗಿದರೆ ಸೀಳುವವು. ಅಂಗಡಿಯಲ್ಲಿ ಅರ್ಧ ಇಂಚಿನದೆಂದು ಕೊಡುವ ಮರೆಯನ್ನು ಹೊರಗಿನಿಂದ ಅಳೆದರೆ ಸುಮಾರು 21 ಮಿಲಿಮೀಟರ್ ಬರುವದನ್ನು ಕಂಡು ಹೊಸಬರು ಬೆರಗಾಗುವರು. ಆ ಹೆಸರು ಹಿಂದಿನ ಕಬ್ಬಿಣದ ಕೊಳವೆಯ ಒಳಗಿನ ಅಗಲದಿಂದ ಬಂದದ್ದು; ಅಳತೆಕಡ್ಡಿಯನ್ನು ನಂಬಿ ಬೇರೆ ಸಾಮಾನನ್ನು ತರಬಾರದು.

ನಾಲ್ಕನೆಯದು ಕಟ್ಟಿಕೊಂಡ ಸಿಂಕು. ಬೇಸಿನ್ನಿನ ಕೆಳಗೆ ಬಟ್ಟಲಿನಂತೆ ಅಥವಾ ಬಾಗಿದ ಕತ್ತಿನಂತೆ ಇರುವ ಭಾಗದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುವದು ದೋಷವಲ್ಲ; ಚರಂಡಿಯ ದುರ್ವಾಯುವನ್ನೂ ಹುಳಗಳನ್ನೂ ತಡೆಯುವ ಬಾಗಿಲೇ ಆ ನೀರು. ಲಂಡನ್ನಿನಲ್ಲಿ ಗಡಿಯಾರಗಳನ್ನು ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬವರು ಇಂಥ ಬಾಗಿದ ಕೊಳವೆಯನ್ನು ಪಾಯಖಾನೆಗೆ ಅಳವಡಿಸಿ 1775ರಲ್ಲಿ ಹಕ್ಕುಪತ್ರವನ್ನು ಪಡೆದರು. ಬಹಳ ದಿನ ಬಳಸದ ಸ್ನಾನದ ಮನೆಯು ನಾರುವದು ಈ ನೀರು ಆರಿಹೋದದ್ದರಿಂದಲೇ. ಒಂದು ತಂಬಿಗೆ ನೀರನ್ನು ಸುರಿದರೆ ಸಾಕು. ಕಸವು ಕಟ್ಟಿಕೊಂಡಿದ್ದರೆ ಕೆಳಗೆ ಬಕೆಟ್ಟನ್ನಿಟ್ಟು, ಆ ಬಟ್ಟಲನ್ನು ಕೈಯಿಂದ ತಿರುಗಿಸಿ ತೆಗೆದು, ತೊಳೆದು, ಅದರ ರಬ್ಬರಿನ ಉಂಗುರವು ತಪ್ಪದಂತೆ ಮರಳಿ ಕೂಡಿಸಬೇಕು. ತೀಕ್ಷ್ಣವಾದ ಆಮ್ಲಗಳನ್ನು ಸುರಿಯುವ ಅಭ್ಯಾಸವು ಕೈಗೂ ಕಣ್ಣಿಗೂ ಕೊಳವೆಗೂ ಕೇಡು.

ಇಷ್ಟನ್ನು ಬಲ್ಲವಳು ಹೊಸಬಳಾಗಿ ಉಳಿಯಲಿಲ್ಲ. ಟ್ಯಾಂಕಿನ ತೇಲುಗುಂಡನ್ನು ಸರಿಪಡಿಸುವದನ್ನೂ, ನಲ್ಲಿಯ ಬಾಯಿಯ ಜರಡಿಯನ್ನು ಲಿಂಬೆರಸದಲ್ಲಿ ನೆನೆಸಿ ಸುಣ್ಣವನ್ನು ಬಿಡಿಸುವದನ್ನೂ ಆಕೆಯು ತಾನಾಗಿಯೇ ಕಲಿತುಕೊಳ್ಳುವಳು.

ಕಲಿಯಬೇಕಾದದ್ದರ ಜೊತೆಗೆ ಮುಟ್ಟಬಾರದ್ದನ್ನೂ ಕಲಿಸಬೇಕು. ಗೀಸರು ಮತ್ತು ಪಂಪು ವಿದ್ಯುತ್ತಿನ ಸಂಬಂಧವುಳ್ಳವು. ಒದ್ದೆ ಕೈಯಿಂದ ಅವುಗಳ ಬಳಿಗೆ ಹೋಗಬಾರದು, ಬಿಚ್ಚಲೂ ಬಾರದು. ಮಲದ ಗುಂಡಿಯೊಳಗೆ ಯಾರೂ ಇಳಿಯಕೂಡದು. ಅಲ್ಲಿಯ ವಿಷವಾಯುವು ಕ್ಷಣದಲ್ಲಿ ಪ್ರಾಣವನ್ನು ತೆಗೆಯುವದು. ನಾವು ಇಳಿಯಬಾರದೆಂದರೆ ಮತ್ತೊಬ್ಬರನ್ನು ಇಳಿಸಬಹುದೆಂದಲ್ಲ. ಮನುಷ್ಯರಿಂದ ಮಲವನ್ನು ಬಳಿಸುವದನ್ನೂ, ರಕ್ಷಣೆಯಿಲ್ಲದೆ ಅವರನ್ನು ಗುಂಡಿಗೆ ಇಳಿಸುವದನ್ನೂ 2013ರ ಕಾಯಿದೆಯು ಅಪರಾಧವೆಂದು ನಿಷೇಧಿಸಿದೆ. ಅಂಥ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ ಗೊತ್ತುಮಾಡಿದ್ದ 10 ಲಕ್ಷ ರೂಪಾಯಿಯ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು 30 ಲಕ್ಷಕ್ಕೆ ಏರಿಸಿತು. ಪರಿಹಾರವು ಏರಿತೆಂಬದೇ ಸಾವು ನಿಲ್ಲಲಿಲ್ಲವೆಂಬದಕ್ಕೆ ಸಾಕ್ಷಿ.

ಇಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾಗಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮುಟ್ಟಿನ ದಿನಗಳ ಪ್ಯಾಡುಗಳನ್ನು ಪಾಯಖಾನೆಯಲ್ಲಿ ಹಾಕಿ ನೀರನ್ನು ಬಿಡುವ ಅಭ್ಯಾಸವು ಹಾಸ್ಟೆಲುಗಳಲ್ಲಿಯೂ ಮನೆಗಳಲ್ಲಿಯೂ ಇದೆ. ಅವು ನೀರನ್ನು ಹೀರಿ ಉಬ್ಬಿ ಕೊಳವೆಯನ್ನು ಕಟ್ಟಿಬಿಡುತ್ತವೆ. ನಾಚಿಕೆಯಿಂದ ನಾವು ಮರೆಮಾಡಿದ್ದನ್ನು ಕಡೆಗೆ ಯಾರೋ ಒಬ್ಬ ಬಡವನು ತನ್ನ ಕೈಯಿಂದ ತೆಗೆಯಬೇಕಾಗುತ್ತದೆ. ಕೊಳವೆಯು ಎಲ್ಲಿಗೆ ಹೋಗುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗಿಯು ಆ ಕೆಲಸವನ್ನು ಮಾಡಲಾರಳು. ಕಾಗದದಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿ ಹಾಕುವದು ಆಕೆಗೆ ನಿಯಮವೆಂದು ತೋರದೆ ನೆರೆಯವನ ಮೇಲಿನ ಪ್ರೀತಿಯೆಂದು ತೋರುವದು. ನಲ್ಲಿಯ ವಿದ್ಯೆಯನ್ನು ನಾನು ಕೇವಲ ಹಣವುಳಿಸುವ ಉಪಾಯವೆಂದು ಎಣಿಸದೆ ನೀತಿಶಿಕ್ಷಣದ ಭಾಗವೆಂದು ಎಣಿಸುವದು ಈ ಕಾರಣದಿಂದಲೇ.

ಇದಕ್ಕೆ ಸಮಯವೆಲ್ಲಿದೆ ಎಂದು ಸಹೋದ್ಯೋಗಿಗಳು ಕೇಳಬಹುದು. ಹೊಸ ಪಾಠವಿಷಯವು ಬೇಡ. ಕೈಕೆಲಸದ ಮೂಲಕ ಶಿಕ್ಷಣವೆಂಬ ಮಾತನ್ನು ಗಾಂಧಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟರು. 1964ರಿಂದ 1966ರ ವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕಸುಬುದಾರರ ಬಳಿ ಕಲಿಯಬೇಕೆಂದಿತು. ಮಾತುಗಳಿಗೆ ಕೊರತೆಯಿಲ್ಲ, ಆಚರಣೆಗೆ ಕೊರತೆ. ಕಾರ್ಯಾನುಭವದ ಅವಧಿಗಳಲ್ಲಿ ಆರನ್ನು ಎಂಟನೆಯ ತರಗತಿಗೆ ಇದಕ್ಕಾಗಿ ಮೀಸಲಿಟ್ಟರೆ ಸಾಕು. ಒಂದು ಹಲಗೆಯ ಮೇಲೆ ಹಳೇ ನಲ್ಲಿಗಳನ್ನು ಕೂಡಿಸಿಟ್ಟು, ಎರಡು ರೆಂಚು, ತಿರುಪುಳಿಗಳು, ಟೇಪು, ವಾಷರುಗಳನ್ನು ಕೊಡಬೇಕು. ಕಲಿಸಲು ಊರಿನ ಕೆಲಸಗಾರರೊಬ್ಬರನ್ನೇ ಗೌರವಧನ ಕೊಟ್ಟು ಕರೆಯಬೇಕೆಂಬದು ನನ್ನ ಆಗ್ರಹ. ನಮ್ಮ ಮಕ್ಕಳು ಅವರನ್ನು ಎದ್ದುನಿಂತು ವಂದಿಸಿ ಗುರುಗಳೆಂದು ಕರೆಯುವ ಆ ಗಳಿಗೆಯೇ ಒಂದು ದೊಡ್ಡ ಪಾಠ. ಭೌತಶಾಸ್ತ್ರದ ಉಪಾಧ್ಯಾಯಿನಿಯು ಅದೇ ವಾರದಲ್ಲಿ, ನೀರಿನ ಮಟ್ಟವು ಹತ್ತು ಮೀಟರ್ ಏರಿದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಒತ್ತಡವು ಹೆಚ್ಚುವದೆಂದು ಕಲಿಸಲಿ. ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುವದೇಕೆಂದು ಆಗ ಮಕ್ಕಳೇ ಹೇಳುವರು.

ತಾಯಿತಂದೆಗಳಲ್ಲಿ ನನ್ನ ಬಿನ್ನಹವೇನೆಂದರೆ, ನಿಮ್ಮ ಮಗಳು ನಾಳೆ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಪರಸ್ಥಳದಲ್ಲಿ ಒಂಟಿಯಾಗಿ ಮನೆಮಾಡಿಕೊಂಡಿರಬಹುದು. ಸಣ್ಣ ಸೋರಿಕೆಗೂ ಅಪರಿಚಿತರಿಗೆ ಬಾಗಿಲನ್ನು ತೆರೆಯಬೇಕಾದ ಅಗತ್ಯವು ಆಕೆಗೆ ಇಲ್ಲದಿರುವದು ನಿಮಗೂ ಸಮಾಧಾನವಲ್ಲವೇ? ಮದುವೆಗೆ ಪಾತ್ರೆಪದಾರ್ಥಗಳನ್ನು ಕೊಡುವವರು ಒಂದು ರೆಂಚನ್ನೂ ಸೇರಿಸಿಕೊಡಿರಿ. ಗಂಡುಮಕ್ಕಳಿರುವವರು ಅವರಿಗೂ ಇದನ್ನು ಕಲಿಸಿ, ಜೊತೆಗೆ ಅಡಿಗೆಯನ್ನೂ ಕಲಿಸಿದರೆ ಇನ್ನೂ ಮೇಲು.

ಹಳೇ ವಿದ್ಯಾರ್ಥಿನಿಯರೇ, ಈ ಸಂಚಿಕೆಯು ನಿಮ್ಮ ಕೈಸೇರುವ ವಾರದಲ್ಲಿ ನಿಮ್ಮ ಮನೆಯ ವಾಲ್ವು ಎಲ್ಲಿದೆಯೆಂದು ಹುಡುಕಿ, ಒಂದು ಸಲ ಮುಚ್ಚಿ ತೆರೆಯಿರಿ. ಚಿಕ್ಕ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ತೋರಿಸಿರಿ. ಮಳೆಯನ್ನೂ ಬುಗ್ಗೆಯನ್ನೂ ಧಾರಾಳವಾಗಿ ಕೊಟ್ಟ ದೇವರು, ಆತನು ಕೊಟ್ಟದ್ದರಲ್ಲಿ ಒಂದು ಹನಿಯನ್ನೂ ಅಲಕ್ಷ್ಯದಿಂದ ಕಳೆಯದ ಕೈಗಳನ್ನು ನಮ್ಮ ಹುಡುಗಿಯರಿಗೆ ಅನುಗ್ರಹಿಸಲಿ.